ಚಂದ್ರಶಾ ಮಾಸ್ತರನ ಹಾಜರಿ

ಕಮಲಾಪುರದಿಂದ ಕಲಬುರ್ಗಿಗೆ ಹೋಗುವ ಮುಂಜಾನೆಯ ಮೋಟಾರು ಕಂಡರೆ ಸಾಕು, ಅನ್ನಮ್ಮನಿಗೆ ಮೈ ಉರಿಯುತ್ತಿತ್ತು. ತಮ್ಮ ಚಂದ್ರಶಾನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೂವರೆ ವರ್ಷದಲ್ಲಿ ಅದನ್ನು ಎಷ್ಟು ಸಲ ಹತ್ತಿ ಇಳಿದಳೋ ಅವಳಿಗೇ ಲೆಕ್ಕವಿಲ್ಲ. ದಾರಿಯುದ್ದಕ್ಕೂ ಅವನು ಸುಮ್ಮನಿರುತ್ತಿದ್ದ. ನಡುವೆ ತಟ್ಟನೆ ಎದ್ದು ನಿಂತು "ಹಾಜರ್" ಅನ್ನುತ್ತಿದ್ದ. ಮೋಟಾರಿನ ಮಂದಿ ತಿರುಗಿ ನೋಡುತ್ತಿದ್ದರು. ಅನ್ನಮ್ಮ ಅವನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿ, "ಯಾರೂ ಕರದಿಲ್ಲೋ, ಕೂಡು" ಅಂತ ಹಲ್ಲು ಕಡಿಯುತ್ತಿದ್ದಳು.

ಅವನು ಊರ ಸಾಲಿಯ ಮಾಸ್ತರನಾಗಿದ್ದವನು. ಅಕ್ಷರ ಮುತ್ತಿನಂಗ, ಮಾತು ಮೆತ್ತಗ. ಹೈದರಾಬಾದ್ ಸಂಸ್ಥಾನಕ್ಕೆ ಫೌಜು ನುಗ್ಗಿ ಪೋಲೀಸ್ ಆ್ಯಕ್ಷನ್ ಆದಾಗ, ಊರೂರಲ್ಲಿ ಮಂದಿ ಸತ್ತು, ಓಡಿಹೋಗಿ, ಸಾಲಿ ಮುಚ್ಚಿತು. ನಾಲ್ಕು ತಿಂಗಳ ಮೇಲೆ ಮತ್ತೆ ತೆರೆದು ಕೆಲವು ದಿನಕ್ಕೆ ಅವನು ಮಕ್ಕಳ ಹಾಜರಿ ಕರೆಯುವುದನ್ನು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ತಾನೇ ಹಾಜರ್ ಅನ್ನತೊಡಗಿದ. ನೌಕರಿ ಹೋಯಿತು. ಅನ್ನಮ್ಮ ಅವನನ್ನು ತನ್ನ ಮನೆಗೆ ಕರಕೊಂಡು ಬಂದಳು. ಗಂಡ ಅಮೋಘಪ್ಪ ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ದರ್ಗಾಕ್ಕೆ ಹೋದದ್ದಾಯಿತು, ಶರಣಬಸಪ್ಪನ ಗುಡಿಗೆ ಹೋದದ್ದಾಯಿತು. ಒಬ್ಬ ಹಕೀಮ ತಲೆಗೆ ಉಷ್ಣ ಏರ್ಯಾದ ಅಂತ ಎಣ್ಣೆ ಕೊಟ್ಟ. ಒಬ್ಬ ವೈದ್ಯ ತಂಪು ಏರ್ಯಾದ ಅಂತ ಕಷಾಯ ಕೊಟ್ಟ. ಎಣ್ಣೆ ಹಚ್ಚಿ ಕಷಾಯ ಕುಡಿಸಿದ ಮೇಲೆ ಚಂದ್ರಶಾನಿಗೆ ಭೇದಿ ಹತ್ತಿತು. ಆ ಮೂರು ದಿನವೂ ಅವನು ಹಾಜರ್ ಅನ್ನುವುದನ್ನು ಬಿಡಲಿಲ್ಲ.

ಆಮೇಲೆ ದವಾಖಾನೆ. ಮೊದಲ ದಿನ ಡಾಕ್ಟರು ಹಳ್ಳಿಗಳ ದೌರೆಗೆ ಹೋಗಿದ್ದರು. ಎರಡನೆಯ ಸಲ ಕಂಪೌಂಡರ ನಾಲಗೆ ನೋಡಿ, ಹೊಟ್ಟೆ ಅಮುಕಿ, "ಮೈಯಾಗ ಏನೂ ಬ್ಯಾನಿ ಇಲ್ಲ" ಅಂದ. "ಮೈಯಾಗ ಅದ ಅಂತ ನಾ ಯಾವಾಗ ಅಂದೀನ್ರಿ" ಅಂದಳು ಅನ್ನಮ್ಮ. ಮೂರನೆಯ ಸಲ ಸಿಕ್ಕ ಡಾಕ್ಟರು ಚಂದ್ರಶಾನ ಮುಖವನ್ನೇ ನೋಡದೆ, ಇಂಥವರನ್ನು ಹೈದರಾಬಾದಿನ ಹುಚ್ಚರ ದವಾಖಾನೆಗೆ ಕಳಿಸಬೇಕು, ಅದಕ್ಕೆ ಕೋರ್ಟಿನ ಹುಕುಂ ಬೇಕು ಅಂದರು.

ಕೋರ್ಟಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವನೊಬ್ಬ ಕೂತಿದ್ದ. ಕಾಗದ ಬಿಡಿಸಿ, ಲೇಖನಿ ಅದ್ದಿ ಕೇಳಿದ.

"ಯಾರಿಗರೆ ಹೊಡದಾನೇನು?"

"ಇಲ್ರಿ."

"ಬೆಂಕಿ ಗಿಂಕಿ ಹಚ್ಚ್ಯಾನ?"

"ಇಲ್ರಿ. ಇರುವಿ ತುಳಿಯಂಗಿಲ್ಲ ಅಂವ."

"ಅರಿವಿ ಬಿಚ್ಚಿ ಓಡ್ಯಾಡ್ತಾನ?"

"ಗುಂಡಿ ಸುದ್ದಾ ತಾನೇ ಹಾಕ್ಕೋತಾನ್ರಿ."

ಅವನು ಲೇಖನಿ ಕೆಳಗಿಟ್ಟ. "ಹಂಗಾದ್ರ ಏನಂತ ಬರೀಲಿ ತಾಯಿ? ಇಂವಾ ನಿನಗಿಂತ ಛಲೋ ಅದಾನ."

ಅನ್ನಮ್ಮನ ಸಹನೆ ಅಲ್ಲಿಗೆ ಹರಿಯಿತು. "ಕೂಡ್ರಿ ಹಂಗಾದ್ರ. ಇಂವನ ಕೈಯಿಂದ ನಿಮಗೇ ನಾಕು ಹೊಡಿಸ್ತೀನಿ, ಆಗ ಬರೀಲಿಕ್ಕೆ ಬರ್ತದಲ್ಲ" ಅಂದಳು. ಸುತ್ತ ನಿಂತವರು ನಕ್ಕರು. ಚಂದ್ರಶಾ ಮಾತ್ರ ಗಾಬರಿಯಾಗಿ, "ಅಕ್ಕಾ, ನಾ ಯಾರಿಗೂ ಹೊಡಿಯಂಗಿಲ್ಲ" ಅಂದ. ಅವಳಿಗೆ ಅಲ್ಲೇ ನೆಲಕ್ಕೆ ಕೂತು ಅಳಬೇಕು ಅನ್ನಿಸಿತು. ಅಳಲಿಲ್ಲ. ಸಿಟ್ಟು ಅಳುವಿಗೆ ಜಾಗ ಬಿಡಲಿಲ್ಲ.

ನಕ್ಕವರಲ್ಲಿ ಒಬ್ಬ ಮುದುಕ ಹಿಂದೆಯೇ ಬಂದು, ಕರೀಂಸಾಬನನ್ನು ಕಾಣು ಅಂದ. ಕರೀಂಸಾಬ ಹೈದರಾಬಾದಿನ ಆ ದವಾಖಾನೆಯಲ್ಲೇ ಇಪ್ಪತ್ತು ವರ್ಷ ರೋಗಿಗಳನ್ನು ನೋಡಿಕೊಂಡು, ಪಿಂಚಣಿಯ ಮೇಲೆ ಕಲಬುರ್ಗಿಗೆ ಬಂದವನು. ಮನೆ ಬಜಾರದ ಹಿಂದಿನ ಗಲ್ಲಿಯಲ್ಲಿ.

"ಡಾಕ್ಟರೇನು?" ಅಂದಳು ಅನ್ನಮ್ಮ.

"ಅಲ್ಲ."

ಡಾಕ್ಟರಲ್ಲದವರು ಅವಳಿಗೆ ಇಷ್ಟರಲ್ಲೇ ಬೇಕಾದಷ್ಟು ಸಿಕ್ಕಿದ್ದರು. ಆದರೂ ಹೋದಳು. ಸಂಜಿ ಮೋಟಾರಿಗೆ ಇನ್ನೂ ಹೊತ್ತಿತ್ತು.

ಕರೀಂಸಾಬ ಕಟ್ಟೆಯ ಮೇಲೆ ಕೂತು ಮೆಂತೆ ಪಲ್ಯ ಸೋಸುತ್ತಿದ್ದ. ಅನ್ನಮ್ಮ ಇಡೀ ಕತೆ ಶುರು ಮಾಡಿದಳು. ಅವನು ಕೈ ಎತ್ತಿ ತಡೆದ. "ನೀ ಸ್ವಲ್ಪ ಸುಮ್ಮನಿರವ್ವಾ. ಮಾಸ್ತರ್ ಸಾಬ್, ನೀವು ಹೇಳ್ರಿ. ಹಾಜರಿ ಯಾರು ಕರೀತಾರ?"

ಚಂದ್ರಶಾ ಅವನ ಕಡೆ ತಿರುಗಿದ. "ಗೊತ್ತಿಲ್ರಿ. ದನಿ ಗಂಡಸಂದು. ಗೋಡಿ ಆ ಕಡಿಂದ ಬರ್ತದ."

"ಜವಾಬು ಕೊಡಲಿಲ್ಲಂದ್ರ?"

"ಗೈರಹಾಜರ್ ಅಂತ ಬರೀತಾರ." ಅವನು ಬೆರಳಿಂದ ಕಟ್ಟೆಯ ಮೇಲೆ ಗೀಟು ಎಳೆದ. "ಸಾಲಿ ಮತ್ತ ತೆರದಾಗ ಹನ್ನೊಂದು ಹುಡುಗರು ಬರಲಿಲ್ರಿ. ನಾನೇ ನನ್ನ ಕೈಯಿಂದ ಗೈರಹಾಜರ್ ಅಂತ ಬರದೆ. ಮರದಿನಾನೂ ಅದನ್ನೇ ಬರದೆ. ಯಾರೂ ತಿರುಗಿ ಬರಲಿಲ್ಲ."

ಕರೀಂಸಾಬ ಪಲ್ಯವನ್ನು ಪಕ್ಕಕ್ಕಿಟ್ಟ. ಅನ್ನಮ್ಮ ಗೋಡೆಗೆ ಒರಗಿದಳು. ಇಷ್ಟು ದಿನ ಊರೂರು, ಬಾಗಿಲು ಬಾಗಿಲು ಅಲೆದಳು; ಯಾರು ಕರೀತಾರೋ ಅಂತ ಒಂದು ಸಲವೂ ತಾನು ಕೇಳಿರಲಿಲ್ಲ. ಯಾರೂ ಕರೆದಿಲ್ಲ ಅಂತ ಬೈದದ್ದೇ ಬೈದದ್ದು. ಜಗತ್ತಿನ ಮೇಲಿದ್ದ ಸಿಟ್ಟೆಲ್ಲ ಒಂದು ಗಳಿಗೆ ಅವಳ ಮೇಲೆಯೇ ತಿರುಗಿತು.

"ನಾ ಔಷಧ ಕೊಡಂಗಿಲ್ಲ, ಅದು ನನ್ನ ಕೆಲಸಲ್ಲ" ಅಂದ ಕರೀಂಸಾಬ. "ನಮ್ಮ ದವಾಖಾನಿ ಡಾಕ್ಟರ್ ಒಬ್ಬರು ಮುಂದಿನ ತಿಂಗಳು ಇಲ್ಲಿ ತಂಗಿ ಮನಿಗಿ ಬರ್ತಾರ. ನಾ ಚೀಟಿ ಬರೀತೀನಿ. ಅಲ್ಲೀತನ ಇಂವಗ ಜಬರಸ್ತಿ ಮಾಡಬ್ಯಾಡ. ಕಟ್ಟಿ ಹಾಕಬ್ಯಾಡ. ಹೊತ್ತಿಗಿ ಸರಿಯಾಗಿ ಊಟ, ನಿದ್ದಿ. ಮಾತಾಡಿದ್ರ ಕೇಳು."

"ಮುಂದಿನ ತಿಂಗಳು ಅಂದ್ರ ಯಾವತ್ತು?" ಅಂದಳು ಅನ್ನಮ್ಮ. ತಾರೀಖು ಹೇಳುವ ತನಕ ಕಟ್ಟೆ ಬಿಟ್ಟು ಏಳಲಿಲ್ಲ.

ಡಾಕ್ಟರು ಹೇಳಿದ ದಿನಕ್ಕೆ ಬರಲಿಲ್ಲ, ಒಂಬತ್ತು ದಿನ ತಡವಾಗಿ ಬಂದರು. ಆ ಒಂಬತ್ತು ದಿನದಲ್ಲಿ ಅನ್ನಮ್ಮ ನಾಲ್ಕು ಸಲ ಮೋಟಾರು ಹತ್ತಿ ನಾಲ್ಕು ಸಲವೂ ಬರಿಗೈಲಿ ಇಳಿದಳು. ಕಡೆಗೆ ಸಿಕ್ಕರು. ಒಂದು ತಾಸು ಚಂದ್ರಶಾನೊಬ್ಬನ ಕೂಡ ಮಾತಾಡಿದರು, ಗುಳಿಗಿ ಕೊಟ್ಟರು. ಬ್ಯಾನಿ ಪೂರಾ ಹೋಗುತ್ತದೆ ಅಂತ ಹೇಳಲಾರೆ, ಆದರೆ ಇವನು ಬದುಕು ಮಾಡಬಲ್ಲ ಅಂದರು. ಅಷ್ಟು ನೇರ ಮಾತನ್ನು ಅವಳಿಗೆ ಅಲ್ಲೀತನ ಯಾರೂ ಆಡಿರಲಿಲ್ಲ.

ಪೂರಾ ಹೋಗಲೂ ಇಲ್ಲ. ಮಳೆಗಾಲದ ಹೊತ್ತಿಗೆ ಗೋಡೆಯಾಚೆಯ ಆ ದನಿ ಸಣ್ಣದಾಯಿತು, ನಿದ್ದೆ ಬರತೊಡಗಿತು. ಸಾಲಿಯವರು ನೌಕರಿ ಮತ್ತೆ ಕೊಡಲಿಲ್ಲ. ಚಂದ್ರಶಾ ಬಾಳೆತೋಟದ ಕೂಲಿ ಹೆಂಗಸರಿಗೆ ಕಾಗದ ಓದಿ ಹೇಳುವುದಕ್ಕೆ ಶುರು ಮಾಡಿದ, ಆಮೇಲೆ ಅವರಲ್ಲಿ ಮೂರ್ನಾಲ್ಕು ಮಂದಿಗೆ ಅಕ್ಷರ ಕಲಿಸತೊಡಗಿದ. ಅಮೋಘಪ್ಪನೂ ಒಂದಿನ ದೂರ ಕೂತು ತನ್ನ ಹೆಸರು ಬರೆಯುವುದನ್ನು ಕಲಿತ, ಯಾರಿಗೂ ಹೇಳಬ್ಯಾಡ ಅಂದ.

ಗುಳಿಗಿ ತೀರಿದಾಗ ಅನ್ನಮ್ಮ ತಮ್ಮನ ಜೊತೆ ಮತ್ತೆ ಕರೀಂಸಾಬನ ಕಟ್ಟೆಗೆ ಹೋದಳು. ಡಾಕ್ಟರು ಈ ಸಲವೂ ತಡ.

"ಎಷ್ಟು ಹೊತ್ತು ಕೂಡಬೇಕ್ರಿ?" ಅಂದಳು.

"ಕೂಡವ್ವಾ, ಚಹಾ ಮಾಡ್ಲಿಕ್ಕೆ ಹೇಳ್ತೀನಿ."

"ನನಗ ಚಹಾ ಬ್ಯಾಡ" ಅಂತ ಮುಖ ಗಂಟು ಹಾಕಿ ಕೂತವಳು, ಚಹಾ ಬಂದಾಗ ಕುಡಿದಳು. ಚಂದ್ರಶಾ ಕರೀಂಸಾಬನ ಕೈಯಲ್ಲಿನ ಪಲ್ಯ ತಗೊಂಡು ತಾನೇ ಸೋಸತೊಡಗಿದ.