ಓಡಿದ ಗಂಟೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೊಳಕು ನೀರು ಶುದ್ಧ ಮಾಡುವ ಯಂತ್ರವನ್ನು ನಡೆಸುವುದು ಆಪರೇಟರನ ಕೆಲಸ. ನಡೆಸೋದೆಲ್ಲಿ ಬಂತು, ಒರೆಸಿಕೊಂಡು ಕೂತಿದ್ದ ಅಷ್ಟೇ. ವರ್ಷಕ್ಕೊಮ್ಮೆ ತಪಾಸಣೆ ಅಧಿಕಾರಿ ಬರುವ ದಿನ ಮಾತ್ರ ಅದು ನಾಲ್ಕು ಗಂಟೆ ಓಡುತ್ತಿತ್ತು. ಮಿಕ್ಕ ದಿನ ಕೆಂಪು, ನೀಲಿ ನೀರೆಲ್ಲ ಸೀದಾ ಹೊಳೆಗೆ. ಬರುವ ತಾರೀಖನ್ನು ಅಧಿಕಾರಿಯೇ ವಾರ ಮೊದಲು ಕಾಗದ ಬರೆದು ತಿಳಿಸುತ್ತಿದ್ದರು. ಯಜಮಾನರಿಗೆ ಇನ್ನೇನು ಬೇಕು?

ಹೊಳೆಯ ಕೆಳಗಡೆ ಅವನ ಅಕ್ಕನ ಮನೆ. ಆ ನೀರು ಮುಟ್ಟಿ ಮುಟ್ಟಿ ಅವಳ ಕೈಯೆಲ್ಲ ಹುಣ್ಣು. ನೋಡಿ ನೋಡಿ ಇವನಿಗೆ ರೋಸಿಹೋಗಿತ್ತು. ಈ ಸಲದ ತಪಾಸಣೆಯ ದಿನ ಯಜಮಾನರು ಫೋನೆತ್ತಿಕೊಂಡು ಆಚೆ ಹೋದದ್ದೇ ತಡ, ಅಧಿಕಾರಿಯನ್ನು ಯಂತ್ರದ ಹಿಂದಕ್ಕೆ ಕರೆದೊಯ್ದ. ಓಡಿದ ಗಂಟೆ ಎಣಿಸುವ ಮೀಟರ್ ಅಲ್ಲಿತ್ತು.

"ಇದನ್ನ ಒಂಚೂರು ನೋಡಿ ಸಾರ್. ಹನ್ನೊಂದು ವರ್ಷಕ್ಕೆ ನಲವತ್ನಾಲ್ಕು ಗಂಟೆ!"

ಅಧಿಕಾರಿ ಕನ್ನಡಕ ಏರಿಸಿ ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಆ ಕಾರ್ಖಾನೆಗೆ ನೋಟೀಸು ಬರೆದು, ಅವನ ಕೈಗೇ ಕೊಟ್ಟರು.

"ಗಂಟೆ ಎಣಿಸುವ ಮೀಟರ್ ಕೆಟ್ಟಿದೆ. ಹದಿನೈದು ದಿನದೊಳಗೆ ಬದಲಾಯಿಸತಕ್ಕದ್ದು."