ಅಡಿಯಿಂದ ಮುಡಿಗೆ ಒಂದು ದಾರ

ಗಜೇಂದ್ರಗಡದ ಬಸ್‌ ನಿಲ್ದಾಣದಿಂದ ಮಗ್ಗದ ಓಣಿಗೆ ತಿರುಗುವಷ್ಟರಲ್ಲಿ ಇನ್ನಿಬ್ಬರು ಗುಂಪು ಬಿಟ್ಟಿದ್ದರು. ಶೈಲಶ್ರೀ ಮೊಬೈಲು ನೋಡಿಕೊಂಡಳು. ನಲವತ್ತು ತಾಯಂದಿರಿದ್ದ ವಾಟ್ಸಾಪ್ ಗುಂಪಿನಲ್ಲಿ ಈಗ ಹದಿನೇಳು ಮಂದಿ.

ಮಕ್ಕಳಿಗೆ ಬೊಜ್ಜು ಬರದಂತೆ ಮೊಬೈಲಿನ ಮೂಲಕವೇ ಮನೆಮನೆಗೆ ಮಾತು ಮುಟ್ಟಿಸಬಹುದೇ ಎಂಬುದು ಧಾರವಾಡದಲ್ಲಿ ಅವಳು ಹಿಡಿದ ಸಂಶೋಧನೆ. ಅಂಗಡಿಯ ಕುರಕಲು ಪೊಟ್ಟಣ, ಬಣ್ಣದ ಸೋಡಾ, ಕೂತಲ್ಲೇ ಆಡುವ ಆಟ, ಹೀಗೆ ವಾರಕ್ಕೊಂದು ವಿಡಿಯೋ ಮಾಡಿ ಹಾಕುತ್ತಿದ್ದಳು. ಶನಿವಾರದೊಳಗೆ ಗುಂಪಿನಲ್ಲಿ ಮೂವತ್ತು ಮಂದಿಯಾದರೂ ಇರದಿದ್ದರೆ ಗಜೇಂದ್ರಗಡದ ಕೆಲಸ ಕೈಬಿಡುವುದೇ ಸರಿ ಎಂದು ಮಾರ್ಗದರ್ಶಕರು ಮೆಲ್ಲಗೆ ಹೇಳಿದ್ದರು. ಇವತ್ತು ಗುರುವಾರ.

ತಪ್ಪು ಅವಳದೇ. ಗುಂಪಿನಲ್ಲಿದ್ದ ಮಹೇಶ್ವರಿಯ ಮಗ ಅಮರೇಶ ತಿಂಗಳಲ್ಲಿ ಒಂದೂವರೆ ಕಿಲೋ ಇಳಿದದ್ದನ್ನು, ತಾಯಿಯನ್ನು ಕೇಳಿಯೇ, ಗುಂಪಿನಲ್ಲಿ ಹಾಕಿ ಶಾಬಾಸ್ ಅಂದಿದ್ದಳು. ಮರುದಿನ ಹುಡುಗ ಜ್ವರ ಬಂದು ಮಲಗಿದ. ಕಣ್ಣು ಬಿತ್ತು ಎಂಬ ಸುದ್ದಿ, ಅವಳ ಯಾವ ವಿಡಿಯೋವೂ ಓಡದಷ್ಟು ಜೋರಾಗಿ ಓಣಿಯ ತುಂಬ ಓಡಿತು. ಮೊದಲು ಗುಂಪು ಬಿಟ್ಟವಳು ಮಹೇಶ್ವರಿಯ ಎದುರುಮನೆಯ ಸುಶೀಲವ್ವ. ಈಗ ಶೈಲಶ್ರೀಯನ್ನು ಕಂಡದ್ದೇ ಬಾಗಿಲು ಅರ್ಧ ಮುಚ್ಚಿದಳು.

ಶೈಲಶ್ರೀ ಒಳಗೆ ಬಂದರೂ ಮಹೇಶ್ವರಿಯ ಅತ್ತೆ ಮಾಳವ್ವ ಮಗ್ಗದಿಂದ ಏಳಲಿಲ್ಲ. ಜ್ವರ ಬಿಟ್ಟಿದ್ದ ಅಮರೇಶ ಗೋಡೆಗೊರಗಿ ಗಂಜಿ ಕುಡಿಯುತ್ತಿದ್ದ. ಶೈಲಶ್ರೀ ತಪ್ಪಾಯಿತೆಂದು ಎರಡೆರಡು ಸಲ ಹೇಳಿದ ಮೇಲೆ ಮುದುಕಿ ಲಾಳಿ ನಿಲ್ಲಿಸಿದಳು.

"ಭಾಳ ಕಲತಾಕಿ ನೀ. ಹುಡುಗನ ತೂಕ ಊರ ಮುಂದ ಹೇಳಬಾರದು ಅನ್ನೂದು ಯಾವ ಸಾಲ್ಯಾಗೂ ಕಲಿಸಲಿಲ್ಲೇನವಾ?"

ಮಹೇಶ್ವರಿ ನಕ್ಕದ್ದು ಸೆರಗಿನೊಳಗೇ ಉಳಿಯಿತು.

ಮಾಳವ್ವ ಹೊಕ್ಕಿನ ನೂಲನ್ನು ಮಾರುದ್ದ ಎಳೆದು ಮೊಮ್ಮಗನನ್ನು ನಿಲ್ಲಿಸಿದಳು. ದೃಷ್ಟಿ ತೆಗೆಯುವ ಕೆಲಸ ಬಾಕಿಯಿತ್ತು. ಒಂದು ತುದಿಯನ್ನು ಅವನ ಕಾಲ ಹೆಬ್ಬೆರಳ ಕೆಳಗಿಟ್ಟು, ನೆತ್ತಿಯ ಮಟ್ಟಕ್ಕೆ ಹಿಡಿದು ಕಡಿದಳು. ಅಡಿಯಿಂದ ಮುಡಿವರೆಗಿನ ಆ ದಾರವನ್ನು ಒಲೆಗೆ ಹಾಕಿದರೆ ಬಿದ್ದ ಕಣ್ಣು ಅದರ ಜೊತೆಗೇ ಉರಿದುಹೋಗುತ್ತದೆ.

ಶೈಲಶ್ರೀಯ ಕಣ್ಣು ದಾರದ ಮೇಲೇ ನಿಂತಿತು. ಸೊಂಟದ ಸುತ್ತಳತೆ ಎತ್ತರದ ಅರ್ಧ ಮೀರಬಾರದು ಎಂಬ ಪಾಠವನ್ನು ಅವಳು ಸೆಂಟಿಮೀಟರು, ಭಾಗಾಕಾರ ಎಲ್ಲ ಸೇರಿಸಿ ಆರು ನಿಮಿಷದ ವಿಡಿಯೋ ಮಾಡಿದ್ದಳು. ನೋಡಿದವರು ನಾಲ್ವರು. ಆ ಎತ್ತರ ಈಗ ಮುದುಕಿಯ ಕೈಯಲ್ಲಿ ತೂಗುತ್ತಿತ್ತು.

"ಆಯಿ, ಸುಡಬ್ಯಾಡ್ರಿ. ಒಂದ ನಿಮಿಷ ಕೊಡ್ರಿ."

ಮಾಳವ್ವ ಹುಬ್ಬು ಗಂಟಿಕ್ಕಿದಳು, ಆದರೂ ಕೊಟ್ಟಳು. ಶೈಲಶ್ರೀ ದಾರವನ್ನು ಸರಿಯಾಗಿ ಎರಡು ಮಡಚಿ ಅಮರೇಶನ ಸೊಂಟಕ್ಕೆ ಸುತ್ತಿದಳು. ಎರಡೂ ತುದಿ ಹೊಕ್ಕಳ ಮೇಲೆ ಬಂದು ಒಂದಕ್ಕೊಂದು ತಾಗಿದವು. ಕೂಡಿದರೆ ಚಲೋ, ಕೂಡದಿದ್ದರೆ ಹೊಟ್ಟೆ ಬೆಳೆದಿದೆ ಎಂದರ್ಥ, ತೂಕದ ಯಂತ್ರ ಬೇಕಿಲ್ಲ, ಯಾರಿಗೂ ಲೆಕ್ಕ ಹೇಳಬೇಕಿಲ್ಲ ಎಂದು ಒಂದೇ ಉಸಿರಿಗೆ ವಿವರಿಸಿದಳು.

ಮಾಳವ್ವ ಬಗ್ಗಿ ತುದಿಗಳನ್ನು ತಾನೇ ಮುಟ್ಟಿ ನೋಡಿದಳು. "ಅಂಕಿ ಇಲ್ಲಂದ್ರ ಕೆಟ್ಟ ಕಣ್ಣಿಗೇನ ಸಿಗತೈತಿ," ಅಂದಳು ತನ್ನಷ್ಟಕ್ಕೆ. ಆಮೇಲೆ ದಾರ ಕಸಿದುಕೊಂಡು ಒಲೆಗೆ ಹಾಕಿಯೇಬಿಟ್ಟಳು. ಅದು ಚಿಟಪಟ ಅಂದು ಬೂದಿಯಾಯಿತು.

ಶೈಲಶ್ರೀಗೆ ಆಗಲೇ ವಿಡಿಯೋದ ಅವಸರ. ಅಮರೇಶನನ್ನು ಮತ್ತೆ ನಿಲ್ಲಿಸಲು ಕೇಳುವ ಮೊದಲೇ ಮಾಳವ್ವ ಇನ್ನೊಂದು ನೂಲು ಎಳೆದಳು.

"ನಮ್ಮ ಹುಡುಗನ ಮಾರಿ ಇನ್ನ ಮೊಬೈಲ್‌ನ್ಯಾಗ ಬರೂದಿಲ್ಲ. ನೀ ನಿಂದ್ರ."

ಮಹೇಶ್ವರಿ ಮೊಬೈಲು ಹಿಡಿದಳು. ಮುದುಕಿ ದಾರ ಅಳೆದು, ಮಡಚಿ, ಸಂಶೋಧಕಿಯ ಸೊಂಟಕ್ಕೆ ತಂದಳು. ತುದಿಗಳು ಕೂಡಲಿಲ್ಲ. ಮಾಳವ್ವ ಎಳೆದು ನೋಡಿದಳು, ಶೈಲಶ್ರೀ ಉಸಿರು ಒಳಗೆಳೆದುಕೊಂಡಳು. ಮೂರು ಬೆರಳಿನ ಸಂದಿ ಹಾಗೇ ಉಳಿಯಿತು.

"ದಿನಾ ಕುರ್ಚಿ ಮ್ಯಾಲ ಕುಂತು ಮಂದಿ ಹೊಟ್ಟಿ ನೋಡತೀ," ಅಂದಳು ಮಾಳವ್ವ. ಅಮರೇಶನ ನಗುವಿಗೆ ಗಂಜಿ ಮೂಗಿಗೇರಿತು.

ಆ ಮಾತನ್ನು ತೆಗೆದುಹಾಕಲೇ ಎಂದು ಮಹೇಶ್ವರಿ ಸಣ್ಣ ದನಿಯಲ್ಲಿ ಕೇಳಿದಳು. ಶೈಲಶ್ರೀ ಬೇಡವೆಂದು ತಲೆಯಾಡಿಸಿದಳು. ನಲವತ್ತು ಸೆಕೆಂಡಿನ ವಿಡಿಯೋವನ್ನು ಇದ್ದಂತೆಯೇ ಗುಂಪಿಗೆ ಹಾಕಿದಳು. ಗುಂಪು ಬಿಟ್ಟವರೂ ನೋಡಲೆಂದು ಮಹೇಶ್ವರಿ ಅದನ್ನು ತನ್ನ ಸ್ಟೇಟಸ್‌ಗೂ ಏರಿಸಿದಳು.

ಮುದುಕಿ ಮಗ್ಗಕ್ಕೆ ಮರಳಿದಳು. ಲಾಳಿ ಓಡತೊಡಗಿತು. ಶೈಲಶ್ರೀ ಮೊಬೈಲನ್ನು ಅಂಗೈಯಲ್ಲಿ ಬಿಗಿಹಿಡಿದು ಹೊಸ್ತಿಲಲ್ಲಿ ನಿಂತಳು. ಅದು ಒಮ್ಮೆ ನಡುಗಿತು, ಸ್ವಲ್ಪ ತಡೆದು ಮತ್ತೊಮ್ಮೆ. ತೆರೆದು ನೋಡುವ ಮೊದಲೇ ಅವಳ ಕಣ್ಣು ಎದುರುಮನೆಯತ್ತ ಹೋಯಿತು. ಅರ್ಧ ಮುಚ್ಚಿದ ಬಾಗಿಲ ಹಿಂದೆ, ಸುಶೀಲವ್ವ ದಾರದ ಒಂದು ತುದಿಯನ್ನು ಕಾಲ ಹೆಬ್ಬೆರಳಿನಿಂದ ಅದುಮಿ, ಇನ್ನೊಂದನ್ನು ಮೆಲ್ಲಗೆ ತನ್ನ ನೆತ್ತಿಯ ಕಡೆ ಎತ್ತುತ್ತಿದ್ದಳು.