ಹೂಂ ಬರದ ಸಾಲುಗಳು

ನಾನು ಬಾಯಿ ತೆರೆದರೆ ಗೋಡೆಯ ಗಡಿಯಾರ ನಿಂತು ಕೇಳುತ್ತದೆ. ನಾನು ಬರೆದ ಬೀಳ್ಕೊಡುಗೆ ಭಾಷಣ ಕೇಳಿ ಒಬ್ಬ ಗುಮಾಸ್ತರು ನಿವೃತ್ತಿಯನ್ನೇ ಮರೆತು ಮರುದಿನ ಕಚೇರಿಗೆ ಹೋಗಿ ಕೂತರು. ಅವರನ್ನು ಎಬ್ಬಿಸಲು ಇನ್ನೊಂದು ಭಾಷಣ ನಾನೇ ಬರೆಯಬೇಕಾಯಿತು. ಅತಿಶಯೋಕ್ತಿ ಎಂಬ ಅಲಂಕಾರ ಹುಟ್ಟಿದ್ದೇ ನನ್ನ ನಾಲಿಗೆಯ ಮೇಲೆ ಎಂದು ನಾನು ಹೇಳುವುದಿಲ್ಲ. ಹೇಳುವುದಿಲ್ಲ ಎನ್ನುತ್ತಲೇ ಹೇಳಿಬಿಡುವುದೂ ಒಂದು ಅಲಂಕಾರವೇ. ಅದರಲ್ಲೂ ನನ್ನನ್ನು ಮೀರಿಸುವವರಿಲ್ಲ.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಎರಡು ಮೇಜು, ಒಂದು ಸ್ಟೂಲು. ಮದುವೆಗೋ ಉದ್ಘಾಟನೆಗೋ ಶ್ರದ್ಧಾಂಜಲಿಗೋ ಮಾತು ಬೇಕಾದವರು ಬಂದು ಬರೆಸಿಕೊಂಡು ಹೋಗುತ್ತಾರೆ. ಎರಡನೆಯ ಮೇಜು ನನ್ನ ಭಾಮೈದನದು. ಹೆಂಡತಿಯ ತಮ್ಮನಲ್ಲವೇ ಎಂದು ಉಪಮೆ, ರೂಪಕ, ಒಂದೇ ಪದದಿಂದ ಸಾಲುಸಾಲು ಶುರುಮಾಡಿ ಸಭೆಯನ್ನು ಅಟ್ಟಕ್ಕೇರಿಸುವುದು, ಎಲ್ಲ ಧಾರೆಯೆರೆದೆ. ಅವನು ಎಲ್ಲವನ್ನೂ ಕಲಿತು ಊನೋಕ್ತಿಯೊಂದನ್ನೇ ಉಳಿಸಿಕೊಂಡ. ಅಂದರೆ ಇರುವುದಕ್ಕಿಂತ ಕಡಿಮೆ ಹೇಳುವುದು, ಬೆಟ್ಟ ತೋರಿಸಿ ದಿಬ್ಬ ಎನ್ನುವುದು. ಅದೂ ಒಂದು ಅಲಂಕಾರವೇ? ಆದರೂ ಈಚೆಗೆ ಬಂದವರೆಲ್ಲ ನನ್ನ ಮೇಜಿಗೊಂದು ನಮಸ್ಕಾರ ಹಾಕಿ ಅವನ ಮೇಜಿಗೆ ಹೋಗುತ್ತಿದ್ದರು. ನನ್ನ ಹೊಟ್ಟೆಯ ಉರಿಗೆ ಹಂಡೆ ಇಟ್ಟಿದ್ದರೆ ಇಡೀ ಬೀದಿಗೆ ಸ್ನಾನದ ನೀರು ಕಾಯುತ್ತಿತ್ತು.

ಅದನ್ನೂ ನುಂಗಿಕೊಂಡೆ. ಅಷ್ಟರಲ್ಲಿ ನನ್ನ ಒಬ್ಬಳೇ ಮಗಳು ಗುಬ್ಬಿಯ ಮದುವೆ ಗೊತ್ತಾಯಿತು. ಊಟಕ್ಕೆ ಮೊದಲು ಹೆಣ್ಣಿನ ಕಡೆಯಿಂದ ಒಬ್ಬರು ಮಾತ್ರ ಮಾತಾಡಲಿ ಎಂದರು ಬೀಗರು. ಅವಳು ತೊಟ್ಟಿಲಲ್ಲಿದ್ದಾಗಲೇ ಆ ಭಾಷಣ ನನ್ನಲ್ಲಿ ಸಿದ್ಧವಿತ್ತು. ಅದರಲ್ಲಿ ಅವಳನ್ನು ಕಂಡು ಚಂದ್ರ ಪದೇಪದೇ ನಾಚುತ್ತಾನೆ. ಗುಬ್ಬಿ ಮಾತ್ರ ಸೋದರಮಾವನೇ ಮಾತಾಡಲಿ ಎಂದಳು.

“ಅಪ್ಪಾ, ನೀನು ಮಾತಾಡಿದ್ರೆ ನಾನು ಚಂದ್ರಲೋಕದವಳಾಗಿಬಿಡ್ತೀನಿ. ಅವತ್ತೊಂದಿನ ನಾನು ಈ ಮನೆಯವಳಾಗೇ ಇರ್ಬೇಕು.”

ನಾನು ಮಾತು ಮುಗಿಸುವ ಹೊತ್ತಿಗೆ ಊಟ ಬಡಿಸಲು ಮೊಮ್ಮಕ್ಕಳೇ ಬರಬೇಕಾಗುತ್ತದೆ ಎಂದು ಹೆಂಡತಿಯೂ ಒಗ್ಗರಣೆ ಹಾಕಿದಳು.

ನಮ್ಮ ಅಂಗಡಿಗೊಂದು ನಿಯಮವಿದೆ, ಮಾಡಿದವನು ನಾನೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂತು ಕೇಳಬೇಕು. ಸಾಲು ಎದೆಗೆ ತಾಕಿದರೆ ಹೂಂ ಎನ್ನಬೇಕು. ಹೂಂ ಬರದ ಸಾಲನ್ನು ಅಲ್ಲೇ ಹೊಡೆದುಹಾಕಬೇಕು, ವಾದವಿಲ್ಲ. ಹೀಗಾಗಿ ಗುಬ್ಬಿಯ ಭಾಷಣಕ್ಕೂ ನಾನೇ ಸ್ಟೂಲು ಹತ್ತಿದೆ.

ಭಾಮೈದ ಓದಿದ. ಗುಬ್ಬಿ ಸೈಕಲ್ಲಿನಿಂದ ಬಿದ್ದಾಗ ಮೊದಲು ಸೈಕಲ್ಲಿಗೆ ಬ್ಯಾಂಡೇಜು ಕಟ್ಟಿಸಿದಳಂತೆ, ಆಮೇಲೆ ಮೊಣಕಾಲಿಗೆ. ಹೂಂ ಗಂಟಲವರೆಗೆ ಬಂತು. ಹಲ್ಲು ಕಚ್ಚಿ ಹಿಂದಕ್ಕಟ್ಟಿದೆ. ಅವಳು ಊರಲ್ಲಿಲ್ಲದಾಗ ಮನೆ ಸ್ವಲ್ಪ ದೊಡ್ಡದಾಗಿ ಕಾಣುತ್ತದಂತೆ. ಇದು ನನಗೇಕೆ ಹೊಳೆಯಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಸ್ಟೂಲಿನ ಕಾಲು ಹೊಗೆಯಾಡಿತು. ಆದರೂ ತುಟಿ ಬಿಚ್ಚಲಿಲ್ಲ. ಹಾಗೆ ಹೂಂ ನುಂಗಬಲ್ಲ ಗಂಡು ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಗುಬ್ಬಿಯ ಅಪ್ಪನ ಧ್ವನಿಗೆ ಮೈಕು ಬೇಡ ಎಂದ ಕೂಡಲೇ ಮಾತ್ರ ಹೂಂ ತಾನಾಗಿ ಜಾರಿತು. ತಾನು ಮಾತು ಕಲಿತದ್ದು ಅವರಿಂದಲೇ ಎಂದಾಗ ಇನ್ನೊಂದು ಜಾರಿತು. ಭಾಮೈದ ನಿಯಮದಂತೆ ಉಳಿದದ್ದನ್ನೆಲ್ಲ ಹೊಡೆದುಹಾಕಿದ.

ಮದುವೆಯ ದಿನ ಎದ್ದು ನಿಂತವನು ನನ್ನ ಧ್ವನಿಯನ್ನು ಹೊಗಳಿದ, ನನ್ನ ವಿದ್ಯೆಯನ್ನು ಹೊಗಳಿದ, ಕೂತುಬಿಟ್ಟ. ಮದುವೆ ಯಾರದಪ್ಪ ಎಂದು ಬೀಗರು ಪಕ್ಕದವರನ್ನು ಕೇಳಿದ್ದು ಕೊನೆಯ ಸಾಲಿಗೂ ಕೇಳಿಸಿತು. ಗುಬ್ಬಿಯ ಮುಖ ಸಣ್ಣಗಾಯಿತು. ಆಮೇಲೆ ಅವಳು ನನ್ನತ್ತ ತಿರುಗಿದಳು. ಆ ಸ್ಟೂಲಿನ ಕೆಳಗೆ ಗೊಂಬೆಯಾಡುತ್ತಾ ಬೆಳೆದವಳು.

“ಅಪ್ಪಾ, ಸ್ಟೂಲ್ ಮೇಲೆ ಕೂತಿದ್ದು ನೀನೇ ತಾನೆ?”

“ಇನ್ಯಾರು ಕೂರ್ತಾರಮ್ಮ?”

“ಹೊಡೆಸಿ ಹಾಕಿದ್ದನ್ನ ಎದ್ದು ಹೇಳು. ಒಂದೂ ಮರೆತಿರಲ್ಲ ನೀನು.”

ಮರೆಯುವುದೆಲ್ಲಿ? ಒಂದೊಂದು ಸಾಲೂ ಮುಳ್ಳಿನ ಹಾಗೆ ಒಳಗೇ ನಾಟಿಕೊಂಡಿತ್ತು. ಎದ್ದು ಸೈಕಲ್ಲಿನ ಮಾತು ಹೇಳಿದೆ. ಗುಬ್ಬಿ ಕಣ್ಣುಮುಚ್ಚಿ ಹೂಂ ಎಂದಳು. ಮನೆ ದೊಡ್ಡದಾಗಿ ಕಾಣುವ ಮಾತು ಹೇಳಿದೆ. ಹೂಂ ಒದ್ದೆಯಾಗಿತ್ತು. ಸಭೆ ನನ್ನ ಕೈಯಲ್ಲಿದೆ ಎಂಬ ಹುಮ್ಮಸ್ಸಿನಲ್ಲಿ ಚಂದ್ರನನ್ನು ಕರೆತಂದು ಒಂದು ಸಲ ನಾಚಿಸಿದೆ. ಎಲ್ಲರೂ ಗುಬ್ಬಿಯನ್ನೇ ನೋಡಿದರು. ಹೂಂ ಬರಲಿಲ್ಲ. ನಿಯಮ ನನ್ನದೇ. ಕೂತೆ.

ಊಟದುದ್ದಕ್ಕೂ ಜನ ನನ್ನ ಕೈ ಕುಲುಕಿ ಮನೆ ದೊಡ್ಡದಾಗಿ ಕಾಣುವ ಆ ಮಾತನ್ನೇ ಮೆಚ್ಚಿದರು. ಒಂದೊಂದು ಕುಲುಕಿಗೂ ನನಗೆ ಮೈಯುರಿ.

ಮರುದಿನ ಅಂಗಡಿ ತೆರೆದಾಗ ಗುಬ್ಬಿಯಿಲ್ಲದ ಒಳಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಭಾಮೈದ ಸ್ಟೂಲಿನ ಮೇಲೆ ಕೂತಿದ್ದ. ನಾನೇ ಶುರುಮಾಡಿದೆ.

“ಸ್ವಲ್ಪ ದೊಡ್ಡದಂತೆ, ಸ್ವಲ್ಪ. ನೋಡೋ, ಅಡುಗೆಮನೆಯಿಂದ ಇಲ್ಲಿಗೆ ಬರೋಕೆ ಬಸ್ ಹಿಡೀಬೇಕು ಇವತ್ತು.”

ಅವನು ಕಣ್ಣುಮುಚ್ಚಿ ಹೂಂ ಎಂದ.

ಏನು ಹೇಳಲಿ, ಹಾಳಾದವನ ಹೂಂ ಕೂಡ ನನ್ನದಕ್ಕಿಂತ ಚೆನ್ನಾಗಿತ್ತು.